ಎರಡು ಬೆರಳಿನ ಸಂದು

ಪಟ್ಟಿಯಕ್ಕನಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಆದರೆ ಅರ್ಧ ಆಯಸ್ಸನ್ನು ಜನರ ಗಾಯ ತೊಳೆದು ಪಟ್ಟಿ ಕಟ್ಟುವುದರಲ್ಲೇ ಕಳೆದವಳಿಗೆ ಆ ಹೆಸರು ಯಾವ ಮೂಲೆಯಲ್ಲಿ ಉಳಿದೀತು? ಆರೋಗ್ಯ ಕೇಂದ್ರದಲ್ಲಿ ಅವಳು ಪಟ್ಟಿಯಕ್ಕ, ಬೀದಿಯಲ್ಲಿ ಪಟ್ಟಿಯಕ್ಕ. ಕೊನೆಗೆ ಗಂಡನೂ ತಮಾಷೆಗೆ ಹಾಗೆಯೇ ಕರೆಯಲು ಶುರು ಮಾಡಿದ. ಅವನು ಕರೆದಾಗ ಮಾತ್ರ ಅವಳು ತಿರುಗಿ ನೋಡುತ್ತಿರಲಿಲ್ಲ.

ಕೈ ಬೆಣ್ಣೆ, ಬಾಯಿ ಕತ್ತರಿ ಎಂದು ಅವಳನ್ನು ಬಲ್ಲವರು ಹೇಳುತ್ತಿದ್ದರು. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. ಯಾರಾದರೂ ಮನೆಯ ವಿಷಯ ಕೇಳಿದರೆ ಅವನು ಸೂಜಿಯಿಂದ ಕಣ್ಣು ತೆಗೆಯದೆ, "ನಮ್ಮನೇಲಿ ಎಲ್ಲದಕ್ಕೂ ಎರಡು ಅಭಿಪ್ರಾಯ. ಒಂದು ಅವಳದ್ದು. ಇನ್ನೊಂದು ನನ್ನದು, ಅದು ಸಂಜೆಯೊಳಗೆ ಬದಲಾಗುತ್ತೆ" ಅನ್ನುತ್ತಿದ್ದ.

ಮಳೆಗಾಲಕ್ಕೆ ಸ್ವಲ್ಪ ಮುಂಚೆ ದೊಡ್ಡ ಸಿಸ್ಟರ್ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ದೊಡ್ಡ ಸಿಸ್ಟರ್ ಎಂದರೆ ಕೇಂದ್ರದ ದಾದಿಯರಿಗೆಲ್ಲ ಮೇಲಿನವರು. ಸದಾ ನಿಂತೇ ಮಾತಾಡುವ ಹೆಂಗಸು. ಅವರು ಯಾರಿಗಾದರೂ "ಕೂತ್ಕೊ" ಅಂದರೆ ಸುದ್ದಿ ಒಳ್ಳೆಯದಲ್ಲ ಎಂದೇ ಅರ್ಥ.

"ಕೂತ್ಕೊ" ಅಂದರು.

ಪಟ್ಟಿಯಕ್ಕ ಕೂರಲಿಲ್ಲ. "ಏನು ಹೇಳಿ ಮೇಡಂ."

"ಕಾಲುವೆ ಆಚೆ ಮನೆಗಳಿಗೆ ಇನ್ನು ದಿನಾ ವ್ಯಾನ್ ಕಳಿಸೋಕಾಗಲ್ಲ. ಇರೋದೊಂದು ವ್ಯಾನು, ಎಲ್ಲಾ ಕಡೆಯಿಂದ್ಲೂ ಕರೀತಾರೆ. ವಾರಕ್ಕೆ ಎರಡು ಸಲ ಹೋಗಿ ಬಾ, ಸಾಕು."

"ಮತ್ತೆ ಗರಗಸದಜ್ಜನ ಕಾಲು?"

ದೊಡ್ಡ ಸಿಸ್ಟರ್ ಮೇಜಿನ ಮೇಲಿದ್ದ ಪೆನ್ನನ್ನು ಆಚೆ ಈಚೆ ಸರಿಸಿದರು. ಅವರಿಗೂ ಗೊತ್ತಿತ್ತು.

ಗರಗಸದಜ್ಜ ಕಾಲುವೆಯ ಆಚೆ ದಡದ ಒಂಟಿ ಮನೆಯಲ್ಲಿ ಇರುವ ಮುದುಕ. ಮರ ಕೊಯ್ಯುವ ಮಿಲ್ಲಿನಲ್ಲಿ ಜೀವಮಾನವೆಲ್ಲ ದುಡಿದವನು. ಅವನ ಜೊತೆಗೆ ಕೆಲಸ ಮಾಡಿದವರಲ್ಲಿ ಹತ್ತಕ್ಕೆ ಹತ್ತು ಬೆರಳೂ ಉಳಿಸಿಕೊಂಡು ಮನೆಗೆ ಹೋದವರು ಕಡಿಮೆ. ಅಜ್ಜನಿಗೆ ಒಂದು ಉಗುರೂ ಹೋಗಿರಲಿಲ್ಲ, ಅದೇ ಅವನ ಆಸ್ತಿ. "ಬರುವಾಗ ಏನೇನು ತಂದಿದ್ದೆನೋ, ಹೋಗುವಾಗ ಅಷ್ಟನ್ನೂ ತಗೊಂಡೇ ಹೋಗ್ತೀನಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಗರಗಸ ಮುಟ್ಟದ ಮೈಗೆ ಸಕ್ಕರೆ ಕಾಯಿಲೆ ಮುಟ್ಟಿತು. ಎಡಗಾಲಿನ ಹಿಮ್ಮಡಿಯಲ್ಲಿ ಎದ್ದ ಒಂದು ಸಣ್ಣ ಬೊಬ್ಬೆ ಒಡೆದು ಹುಣ್ಣಾಯಿತು, ಹುಣ್ಣು ಆಳಕ್ಕೆ ಇಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಮಾಯದಿದ್ದರೆ ಪಾದ ತೆಗೆಯುವುದೇ ದಾರಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ದಿನಾ ತೊಳೆದು ಹೊಸ ಪಟ್ಟಿ ಕಟ್ಟಿದರೆ ಮಾಯಬಹುದು ಎಂದೂ ಹೇಳಿದ್ದರು. ದಿನಾ ಎಂದರೆ ದಿನಾ. ವಾರಕ್ಕೆ ಎರಡು ಸಲ ಎಂದರೆ ಕಾಲು ಹೋಯಿತು ಎಂದೇ ಲೆಕ್ಕ.

"ನಾನು ಸೈಕಲ್ಲಲ್ಲಿ ಹೋಗ್ತೀನಿ" ಅಂದಳು ಪಟ್ಟಿಯಕ್ಕ.

ಬಾಯಿಂದ ಬಿದ್ದ ಮಾತು ಕೇಳಿ ಅವಳಿಗೇ ಆಶ್ಚರ್ಯವಾಯಿತು. ಸೈಕಲ್ ಮುಟ್ಟಿ ಎಷ್ಟು ಕಾಲವಾಯಿತೋ. ಆದರೆ ಯೋಚಿಸಿದಷ್ಟೂ ಮಾತು ಸರಿ ಎನಿಸಿತು. ಮೋಟಾರು ಓಡುವ ರಸ್ತೆ ಹಳೆಯ ಸೇತುವೆಯನ್ನು ಸುತ್ತಿಕೊಂಡು ಹೋಗುತ್ತದೆ. ಬೆಳಗಿನ ಹೊತ್ತು ಗಾಡಿಗಳ ನೂಕುನುಗ್ಗಲಲ್ಲಿ ಆ ಸೇತುವೆ ದಾಟುವುದೇ ಒಂದು ಸಾಹಸ. ಕಾಲುವೆಯ ಏರಿಯ ಮೇಲಿನ ದಾರಿ ನೇರ, ಒಂದು ಕಾಲುಸಂಕ ದಾಟಿದರೆ ಆಚೆ ದಡ. ಅದರ ಬಾಯಿಗೆ ಎರಡು ಕಲ್ಲುಕಂಬ ನೆಟ್ಟು ಮೋಟಾರು ಗಾಡಿಗಳನ್ನು ತಡೆದಿದ್ದಾರೆ, ಸೈಕಲ್ ನುಸುಳುತ್ತದೆ. ಕಂಬದವರೆಗೆ ಡಾಂಬರು, ಆಮೇಲೆ ಮಣ್ಣು.

ದೊಡ್ಡ ಸಿಸ್ಟರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮಳೇಲಿ ಆ ಮಣ್ಣು ಏನಾಗುತ್ತೆ ಗೊತ್ತಾ? ಅಂಟು ಮಣ್ಣದು. ಮೈಗೆಲ್ಲ ಕೆಸರು ಬಳ್ಕೊಂಡು ತೆರೆದ ಗಾಯದ ಮುಂದೆ ಕೂರೋದನ್ನ ನಾನು ಒಪ್ಪಲ್ಲ. ಆ ಮನೆ ಬಾಗಿಲಲ್ಲಿ ನಿನ್ನ ಕೋಟು ಇಲ್ಲಿದ್ದಷ್ಟೇ ಬೆಳ್ಳಗಿರಬೇಕು. ಒಂದು ಸಲ ತಪ್ಪಿದ್ರೆ ಸುಮ್ನಿರ್ತೀನಿ. ಎರಡನೇ ಸಲ ತಪ್ಪಿದ್ರೆ ವ್ಯಾನೇ ಗತಿ."

"ಆಯ್ತು."

"ಸೈಕಲ್ ಇದೆಯೇನೇ ನಿನ್ನ ಹತ್ರ?"

"ಇಲ್ಲ. ತಗೋತೀನಿ."

ಸುದ್ದಿ ಮಗಳ ಮನೆಗೆ ಹೇಗೆ ಮುಟ್ಟಿತೋ, ಆ ಭಾನುವಾರವೇ ಅಳಿಯ ಪ್ರತ್ಯಕ್ಷನಾದ. ಅಳಿಯ ಒಳ್ಳೆಯವನೇ. ಕೆಟ್ಟ ಗುಣ ಒಂದೇ: ಯಾರಾದರೂ ನೀರು ಕೇಳಿದರೆ ಬಾವಿ ತೋಡಲು ಹೊರಡುವವನು. ಅವನ ಹಿಂದೆ ಬಾಗಿಲಲ್ಲಿ ಒಂದು ಸೈಕಲ್ ನಿಂತಿತ್ತು. ಕೆಂಪು, ಹಳದಿ, ಕಪ್ಪು ಮೂರೂ ಬಣ್ಣ. ಎಮ್ಮೆಯ ಕುತ್ತಿಗೆಯಷ್ಟು ದಪ್ಪ ಚೌಕಟ್ಟು, ಮುಳ್ಳುಮುಳ್ಳಾದ ಟೈರು, ಮುಂದಿನ ಗಾಲಿಯ ಎರಡು ಪಕ್ಕಕ್ಕೂ ಮಿರಮಿರ ಮಿಂಚುವ ಸ್ಪ್ರಿಂಗ್ ಕಾಲು. ಮಡ್‌ಗಾರ್ಡ್ ಮಾತ್ರ ಹಿಂದೂ ಇಲ್ಲ, ಮುಂದೂ ಇಲ್ಲ.

"ಅತ್ತೆ, ಇದಕ್ಕೆ ಶಾಕ್ ಅಬ್ಸಾರ್ಬರ್ ಇದೆ. ಗುಂಡಿ ಬಂದ್ರೆ ನಿಮಗೆ ಗೊತ್ತೇ ಆಗಲ್ಲ. ಬೆಟ್ಟ ಹತ್ತೋರು ಓಡಿಸೋದು ಇದನ್ನೇ."

"ನಿಮ್ಮ ಅತ್ತೆ ಯಾವ ಬೆಟ್ಟ ಹತ್ತಬೇಕಂತೆ?" ಎಂದು ದರ್ಜಿ ಒಳಗಿನಿಂದ ಕೇಳಿದ.

ಅಳಿಯ ತಂದದ್ದನ್ನು ಬೇಡ ಎನ್ನುವುದು ಹೇಗೆ? ಪಟ್ಟಿಯಕ್ಕ ಸ್ಕೂಲಿನ ಮೈದಾನದಲ್ಲಿ ಅದರ ಮೇಲೆ ಕೂತಳು. ಮೊದಲ ಸುತ್ತು ಬಿದ್ದಳು. ಎರಡನೇ ಸುತ್ತು ಗೋಲುಕಂಬಕ್ಕೆ ಹೋಗಿ ಗುದ್ದಿದಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಗಂಡ ಕಟ್ಟೆಯ ಮೇಲೆ ಕೂತು ಹೇಳಿದ. ಅವಳು ನೆಲದ ವಿಷಯ ಎತ್ತಿಯೇ ಇರಲಿಲ್ಲ. ಮೂರನೇ ಸುತ್ತಿಗೆ ಹುಡುಗಿಯಾಗಿದ್ದಾಗ ಕಲಿತದ್ದು ಮಂಡಿಗೆ ನೆನಪಾಯಿತು, ಸೈಕಲ್ ನೆಟ್ಟಗೆ ಓಡಿತು. ಓಡಿದ ಮೇಲೆಯೇ ಅದರ ಗುಣ ತಿಳಿದದ್ದು. ಮೈದಾನ ಬಿಟ್ಟು ಕಾಲುವೆಯ ಏರಿಗೆ ಹೋಗಿ ಚಡಾವಿನಲ್ಲಿ ಎದ್ದು ನಿಂತು ತುಳಿದರೆ ಮುಂದಿನ ಸ್ಪ್ರಿಂಗು ಕುಸಿಯುತ್ತಿತ್ತು, ಏಳುತ್ತಿತ್ತು, ಕುಸಿಯುತ್ತಿತ್ತು. ಅವಳು ಹಾಕಿದ ಬಲದಲ್ಲಿ ಅರ್ಧ ಅದರ ಹೊಟ್ಟೆಗೇ ಹೋಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದನ್ನು ಅವಳು ಮಾತಿನಲ್ಲಿ ಕೇಳಿದ್ದಳು, ಅವತ್ತು ಮಂಡಿಯಲ್ಲಿ ಅನುಭವಿಸಿದಳು.

ಹೋಗಲಿ, ಅದನ್ನೂ ಸಹಿಸಬಹುದಿತ್ತು. ಬರುವ ದಾರಿಯಲ್ಲಿ ಯಾರೋ ಅಂಗಳ ತೊಳೆದ ನೀರು ಬೀದಿಯಲ್ಲಿ ನಿಂತಿತ್ತು. ಅದರ ಮೇಲೆ ಹಾದು ಮನೆಗೆ ಬಂದು ಇಳಿದಾಗ ಗಂಡ ಹಿಂದಿನಿಂದ ನೋಡಿ, "ಸೈಕಲ್ಲು ನಿನ್ನ ಬೆನ್ನ ಮೇಲೆ ಸಹಿ ಹಾಕಿದೆ" ಅಂದ. ಸೊಂಟದಿಂದ ಕುತ್ತಿಗೆಯವರೆಗೆ ಒಂದು ಕಂದು ಗೆರೆ.

"ಇದಕ್ಕೆ ಮಡ್‌ಗಾರ್ಡ್ ಹಾಕಿಸಿಕೊಡಿ" ಎಂದು ಅಳಿಯನಿಗೆ ಹೇಳಿದಳು. ಅವನು ವಿಚಾರಿಸಿ ಬಂದ. ಆ ಸ್ಪ್ರಿಂಗ್ ಕಾಲಿಗೆ ಮಡ್‌ಗಾರ್ಡಿನ ಕಂಬಿ ಕೂರಿಸಲು ತೂತೇ ಇಲ್ಲವಂತೆ, ಸೀಟಿನ ಕೆಳಗೆ ಬಾತುಕೋಳಿಯ ಬಾಲದ ಹಾಗೆ ಒಂದು ತುಂಡು ಪ್ಲಾಸ್ಟಿಕ್ ಸಿಕ್ಕಿಸಬಹುದಂತೆ. "ಮೇಲಿಂದ ರೇನ್‌ಕೋಟ್ ಹಾಕ್ಕೊಂಡ್ರೆ ಸಾಕಲ್ವಾ ಅತ್ತೆ?"

"ಮೇಲಿನ ಮಳೆಗೆ ರೇನ್‌ಕೋಟು ಸರಿ. ಕೆಳಗಿನ ಮಳೆಗೆ ಏನು ಹಾಕ್ಕೊಳ್ಲಿ?"

ಪಟ್ಟಿಯಕ್ಕ ಅಳಿಯನ ಎದುರು ಕೂತಳು. ಸುತ್ತುಬಳಸು ಅವಳ ಜಾಯಮಾನದಲ್ಲಿ ಇರಲಿಲ್ಲ. "ನೋಡಿ, ನೀವು ಪ್ರೀತಿಯಿಂದ ತಂದಿದ್ದೀರಿ. ಆ ಪ್ರೀತಿ ನಾನಿಟ್ಕೋತೀನಿ. ಸೈಕಲ್ ನೀವಿಟ್ಕೊಳ್ಳಿ."

ಅವನ ಮುಖ ಸಣ್ಣದಾಯಿತು. ಸೈಕಲ್ ತಳ್ಳಿಕೊಂಡು ಹೋದ, ತಿರುಗಿ ನೋಡಲಿಲ್ಲ. ಸಂಜೆ ಮಗಳು ಫೋನ್ ಮಾಡಿ, "ಅಮ್ಮಾ, ನಿನ್ನ ನಾಲಿಗೆಗೆ ಒಂದು ಶಾಕ್ ಅಬ್ಸಾರ್ಬರ್ ಹಾಕಿಸ್ಕೊ" ಎಂದು ಇಟ್ಟುಬಿಟ್ಟಳು. ಪಟ್ಟಿಯಕ್ಕನಿಗೆ ನೋವಾಯಿತು. ಅಳಿಯನ ಮುಖ ನೆನೆಸಿಕೊಂಡು ಇನ್ನೂ ನೋವಾಯಿತು. ಆದರೂ ಅಜ್ಜನ ಹಿಮ್ಮಡಿಯ ಮುಂದೆ ಅದನ್ನು ತೂಗಿ ನೋಡಿದಳು, ಹಿಮ್ಮಡಿಯೇ ಭಾರವಾಗಿತ್ತು.

ಮಾರನೆಯ ದಿನ ಕೆಲಸ ಮುಗಿಸಿ ನೇರ ಸೈಕಲ್ ಅಂಗಡಿಗೆ ಹೋದಳು. ಗಾಯದ ಸಾಮಾನಿನ ಸ್ಟೀಲ್ ಪೆಟ್ಟಿಗೆ ಕೈಯಲ್ಲೇ ಇತ್ತು. ಅಂಗಡಿಯವನು ಮಾತುಗಾರ. ಗಿರಾಕಿ ಬಾಯಿ ತೆರೆಯುವ ಮೊದಲೇ ಅವನು ಮೂರು ಸೈಕಲ್ ಹೊರಗೆ ತಂದು ನಿಲ್ಲಿಸಿದ. ಒಂದರ ಟೈರು ಬೆರಳಷ್ಟು ಸಪೂರ. ಡಾಂಬರಿನ ಮೇಲೆ ಹಾವಿನ ಹಾಗೆ ಹರಿಯಿತು, ಅಂಗಡಿಯ ಪಕ್ಕದ ಜಲ್ಲಿ ರಾಶಿಯ ಅಂಚಿಗೆ ಬಂದು ಹೂತುಕೊಂಡಿತು. ಇನ್ನೊಂದಕ್ಕೆ ಸ್ಪ್ರಿಂಗು, ಅದನ್ನು ಹತ್ತಲೂ ಇಲ್ಲ. ಮೂರನೆಯದರ ಬ್ರೇಕು ಟೈರಿನ ನೆತ್ತಿಯ ಮೇಲೇ ಅವುಚಿಕೊಂಡು ಕೂತಿತ್ತು, ಮಡ್‌ಗಾರ್ಡಿಗೆ ಜಾಗವೇ ಇರಲಿಲ್ಲ.

"ಸ್ಪ್ರಿಂಗ್ ಇಲ್ಲದ್ದು ತೋರಿಸಿ. ಗಟ್ಟಿ ಫೋರ್ಕಿಂದು. ಮಡ್‌ಗಾರ್ಡ್ ಕೂರಿಸೋಕೆ ಹಿಂದೆ ಮುಂದೆ ತೂತಿರಬೇಕು. ಟೈರು ತೀರಾ ದಪ್ಪ ಬೇಡ, ತೀರಾ ಸಪೂರಾನೂ ಬೇಡ. ಈ ಪೆಟ್ಟಿಗೆ ಹಿಂದೆ ಅಲ್ಲಾಡದೆ ಕೂರಬೇಕು."

"ಸಿಸ್ಟರ್, ನಾನು ಮದುವೆ ಆಗುವಾಗ್ಲೂ ಇಷ್ಟು ವಿಚಾರಿಸಿರಲಿಲ್ಲ."

"ಅದಕ್ಕೇ ನಿಮ್ಮ ಹೆಂಡತಿ ಅನುಭವಿಸ್ತಿದ್ದಾರೆ. ತೋರಿಸಿ."

ಅಂಗಡಿಯವನು ನಗುತ್ತಾ ಹಿಂದಿನ ಕೋಣೆಗೆ ಹೋಗಿ, ರಟ್ಟಿನ ಪೆಟ್ಟಿಗೆಗಳನ್ನು ಸರಿಸಿ, ಬೂದಿ ಬಣ್ಣದ ಒಂದು ಸೈಕಲ್ ಎಳೆದು ತಂದ. ಯಾರೂ ಕೇಳದೆ ಧೂಳು ತಿನ್ನುತ್ತಿತ್ತು. ಹೊಳಪಿಲ್ಲ, ಚಿತ್ತಾರವಿಲ್ಲ. ಮುಂದಿನ ಫೋರ್ಕು ನೆಟ್ಟಗಿನ ಎರಡು ಉಕ್ಕಿನ ಕಾಲು. ಟೈರಿನ ನಡುವೆ ನುಣುಪು, ಅಂಚಿಗೆ ಮಾತ್ರ ಹಲ್ಲು: ಡಾಂಬರಿಗೆ ನಡು, ಮಣ್ಣಿಗೆ ಅಂಚು. ಬ್ರೇಕು ಹಿಡಿಯುವುದು ಗಾಲಿಯ ನಟ್ಟನಡುವೆ ತಟ್ಟೆಯ ಹಾಗಿದ್ದ ಡಿಸ್ಕನ್ನು, ಹಾಗಾಗಿ ಟೈರಿನ ನೆತ್ತಿ ಖಾಲಿ. ಮಡ್‌ಗಾರ್ಡಿಗೆ ತೂತು ಇತ್ತು, ಕ್ಯಾರಿಯರಿಗೂ ಬೇರೆಯೇ ತೂತು ಇತ್ತು.

ಪಟ್ಟಿಯಕ್ಕ ಹ್ಯಾಂಡಲ್ ಹಿಡಿದು ಮೈಭಾರವೆಲ್ಲ ಮುಂದಕ್ಕೆ ಹಾಕಿದಳು. ಫೋರ್ಕು ಜಗ್ಗಲಿಲ್ಲ. ಹತ್ತಿ ಕೂತು ಡಾಂಬರಿನ ಮೇಲೆ ಹೋದಳು, ಜಲ್ಲಿಯ ಅಂಚಿನಲ್ಲಿ ಬಂದಳು. ಕಲ್ಲು ಕಲ್ಲೂ ಕೈಗೆ ಗೊತ್ತಾಯಿತು. ಗೊತ್ತಾಗಲಿ ಅಂದುಕೊಂಡಳು. ಗಾಯ ತೊಳೆಯುವಾಗಲೂ ಅಷ್ಟೇ, ಕೈಗೆ ಗೊತ್ತಾದರೆ ಕೆಲಸ ಸರಿಹೋಗುತ್ತದೆ.

"ಇದೇ. ಮಡ್‌ಗಾರ್ಡ್ ಹಾಕಿ."

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಮನುಷ್ಯರು ಸರಿಯಾದದ್ದನ್ನು ಆರಿಸಿಕೊಂಡು ಆಮೇಲೆ ತಮ್ಮ ಬುದ್ಧಿ ಸೇರಿಸಿ ಕೆಡಿಸುತ್ತಾರಲ್ಲ, ಪಟ್ಟಿಯಕ್ಕನೂ ಅದನ್ನೇ ಮಾಡಿದಳು. ಅಂಗಡಿಯವನು ಮಡ್‌ಗಾರ್ಡನ್ನು ಟೈರಿನಿಂದ ಮೇಲಕ್ಕೆ ಬಿಟ್ಟು ಕೂರಿಸಿದ್ದ. ಅವಳು ಬಗ್ಗಿ ನೋಡಿ, "ಇದೇನು ಇಷ್ಟು ಸಡಿಲ? ಕೆಳಗೆ ತನ್ನಿ" ಅಂದಳು.

"ಸ್ವಲ್ಪ ಸಂದು ಬಿಡಬೇಕು ಸಿಸ್ಟರ್."

"ಸಂದು ಇದ್ದಲ್ಲೇ ಕೊಳೆ ನುಗ್ಗೋದು. ಅದನ್ನ ನನಗೆ ಹೇಳ್ಕೊಡ್ತೀರಾ? ಇನ್ನೂ ಕೆಳಗೆ. ಇನ್ನೂ. ಹಾಂ."

ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ರಟ್ಟು ತೂರುವಷ್ಟು ಜಾಗ ಉಳಿಯಿತು. ನೋಡಲು ಅಚ್ಚುಕಟ್ಟು. ಅಂಗಡಿಯವನು ಗಿರಾಕಿ ದೇವರೆಂದುಕೊಂಡು ನಟ್ಟು ಬಿಗಿದ.

ಒಣ ದಿನಗಳಲ್ಲಿ ಬೂದಿ ಸೈಕಲ್ ಹೇಳಿದಂತೆ ಕೇಳಿತು. ಏರಿಯ ಚಡಾವನ್ನು ಎದ್ದು ನಿಂತು ತುಳಿದರೆ ಹಾಕಿದ ಬಲವೆಲ್ಲ ನೆಲಕ್ಕೇ ಹೋಗುತ್ತಿತ್ತು. ಅಜ್ಜ ಬಾಗಿಲಲ್ಲಿ ಕೂತು, "ಈ ವಯಸ್ಸಲ್ಲಿ ನಿನಗ್ಯಾಕೆ ಬೇಕಿತ್ತು ಸರ್ಕಸ್ಸು?" ಎಂದು ರೇಗುತ್ತಿದ್ದ, ರೇಗುತ್ತಲೇ ಕಾಲು ಚಾಚುತ್ತಿದ್ದ. ಅವನ ರೇಗಾಟ ಕೇಳದ ದಿನ ಅವಳಿಗೂ ಏನೋ ಕಡಿಮೆಯಾದಂತೆ. ಹುಣ್ಣಿನ ಅಂಚು ಕೆಂಪಗೆ ಒಳ್ಳೆಯ ಬಣ್ಣಕ್ಕೆ ತಿರುಗುತ್ತಿತ್ತು.

ಮಳೆ ಬಂತು.

ಮೊದಲ ದೊಡ್ಡ ಮಳೆಯ ಬೆಳಿಗ್ಗೆ ಅವಳು ರೇನ್‌ಕೋಟ್ ಹಾಕಿಕೊಂಡು ಹೊರಟಳು. ಡಾಂಬರು ಮುಗಿಯುವವರೆಗೆ ಒಂದು ಹನಿ ಕೆಸರೂ ಮೇಲೇಳಲಿಲ್ಲ. ಕಲ್ಲುಕಂಬದ ನಡುವೆ ನುಸುಳುವಾಗ ಅವಳಿಗೆ ಅಳಿಯನನ್ನು ಗೆದ್ದಷ್ಟು ಹೆಮ್ಮೆಯಾಯಿತು. ಏರಿಯ ಅಂಟು ಮಣ್ಣು ಟೈರಿಗೆ ಹತ್ತಿತು. ಹತ್ತಿದ ಮಣ್ಣು ಸುತ್ತಿಕೊಂಡು ಮೇಲೆ ಬಂತು, ಮಡ್‌ಗಾರ್ಡಿನ ಒಳಗೆ ನುಗ್ಗಿತು, ಹೊರಗೆ ಹೋಗಲು ದಾರಿ ಕಾಣಲಿಲ್ಲ. ಅದರ ಹಿಂದೆ ಇನ್ನಷ್ಟು ಬಂತು. ಸೈಕಲ್ ಭಾರವಾಯಿತು, ಗೊರಗೊರ ಎಂದಿತು, ಆಮೇಲೆ ನಿಂತೇಬಿಟ್ಟಿತು. ಇಳಿದು ತಳ್ಳಿದಳು, ಮುಂದಿನ ಗಾಲಿ ತಿರುಗದೆ ಕೆಸರಿನಲ್ಲಿ ಜಾರಿತು. ಒಂದು ಕಡ್ಡಿ ಹುಡುಕಿ ಕೆದಕಿದಳು. ಕಡ್ಡಿ ಹೋಗುವಷ್ಟೂ ಜಾಗವಿರಲಿಲ್ಲ. ಬೆರಳಿನಿಂದ ಕಿತ್ತಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ತುಂಬಿತು.

ಕೊನೆಗೆ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಸೈಕಲ್ಲನ್ನು ಹೆಗಲಿಗೆ ಏರಿಸಿದಳು. ಸೈಕಲ್ ಮೇಲೆ ಅವಳು ಹೋಗಬೇಕಿತ್ತು. ಅವಳ ಮೇಲೆ ಸೈಕಲ್ ಹೋಯಿತು.

ಅಜ್ಜನ ಬಾಗಿಲಿಗೆ ಬಂದಾಗ ಹೊತ್ತು ಬಹಳವಾಗಿತ್ತು. ರೇನ್‌ಕೋಟಿನ ಒಳಗೂ ಇಳಿದು ಬಿಳಿ ಕೋಟಿನ ತೋಳು, ಎದೆ, ಮಂಡಿ ಎಲ್ಲ ಕೆಸರು. ಅಜ್ಜ ಆಗಲೇ ಕಾಲನ್ನು ಮಣೆಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದ.

"ಬಾ ಒಳಗೆ. ಯಾಕೆ ಅಲ್ಲೇ ನಿಂತೆ?"

"ಬರೋ ಹಾಗಿಲ್ಲ ಅಜ್ಜ. ಹೀಗಿದ್ದು ನಿಮ್ಮ ಗಾಯ ಮುಟ್ಟೋ ಹಾಗಿಲ್ಲ."

"ಕೈ ತೊಳ್ಕೊ, ಮುಟ್ಟು. ಯಾರು ನೋಡ್ತಾರೆ?"

"ಗಾಯ ನೋಡುತ್ತೆ."

ಅವನು ರೇಗಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಎಷ್ಟೋ ಜನರ ಗಾಯಕ್ಕೆ ಕೈಯಿಟ್ಟು ನೋವು ಇಳಿಸಿದವಳು ಅವತ್ತು ಹೊಸ್ತಿಲ ಆಚೆ ನಿಂತು ಹಳೆಯ ಪಟ್ಟಿಯನ್ನೇ ನೋಡಿ ವಾಪಸು ಬಂದಳು. ಅವತ್ತಿನ ಪಟ್ಟಿ ಕಟ್ಟಲಿಲ್ಲ. ಏರಿಯ ಮೇಲೆ ಸೈಕಲ್ ಹೊತ್ತು ನಡೆಯುತ್ತಾ ಅವಳು ಅತ್ತಳು, ಸಿಟ್ಟಿಗೆ ಅತ್ತಳು.

ಕೇಂದ್ರಕ್ಕೆ ಬಂದವಳೇ ಬಟ್ಟೆ ಬದಲಿಸಿ ದೊಡ್ಡ ಸಿಸ್ಟರ್ ಮುಂದೆ ನಿಂತಳು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೂ ಹೇಳಿದಳು. "ಒಂದು ಸಲ ತಪ್ಪಿದೆ."

"ಇನ್ನೊಂದೇ ಉಳಿದಿರೋದು" ಅಂದರು ದೊಡ್ಡ ಸಿಸ್ಟರ್. "ನಾಳೇನೂ ಮಳೆಯಂತೆ. ವ್ಯಾನ್ ನಾಡಿದ್ದು ಆ ಕಡೆ ಹೋಗುತ್ತೆ. ನಾಳೆ ಬೇಡ, ಸುಮ್ನಿರು."

"ನಾಳೆ ಬಿಟ್ರೆ ಎರಡು ದಿನ ಹಳೇ ಪಟ್ಟೀಲೇ ಇದ್ದ ಹಾಗಾಗುತ್ತೆ. ಹೋಗ್ತೀನಿ."

ಹೇಳುವುದೇನೋ ಹೇಳಿಬಿಟ್ಟಳು. ಹೇಗೆ ಹೋಗುವುದು ಎಂದು ಮಾತ್ರ ಹೊಳೆಯಲಿಲ್ಲ. ಮಡ್‌ಗಾರ್ಡ್ ಕಿತ್ತುಹಾಕಿದರೆ ಗಾಲಿ ತಿರುಗುತ್ತದೆ, ಬೆನ್ನ ಮೇಲೆ ಸಹಿ ಬೀಳುತ್ತದೆ. ಇಟ್ಟುಕೊಂಡರೆ ಗಾಲಿಯೇ ತಿರುಗುವುದಿಲ್ಲ. ಮಧ್ಯಾಹ್ನ ಮೊಣಕೈ ಸುಟ್ಟುಕೊಂಡ ಒಬ್ಬ ಅಡುಗೆಯವನಿಗೆ ಪಟ್ಟಿ ಕಟ್ಟುತ್ತಾ ಇದನ್ನೇ ಯೋಚಿಸುತ್ತಿದ್ದಳು. ಕಟ್ಟಿ ಮುಗಿಸಿ, ಎಂದಿನ ಅಭ್ಯಾಸದಂತೆ, ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿದಳು. ಕೆಲಸಕ್ಕೆ ಹೊಸದಾಗಿ ಸೇರಿದ ಪ್ರತಿಯೊಬ್ಬ ದಾದಿಗೂ ಅವಳು ಮೊದಲು ಹೇಳಿಕೊಡುವ ಪಾಠ ಅದು: ಪಟ್ಟಿ ಬಿಗಿಯಿದ್ದರೆ ಒಳ್ಳೆಯದಲ್ಲ, ಕೈಕಾಲು ಊದಿದಾಗ ಊತಕ್ಕೆ ಜಾಗ ಬೇಕು, ಎರಡು ಬೆರಳು ಸಲೀಸಾಗಿ ಹೋಗಬೇಕು. ಬಿಗಿದು ಕಟ್ಟಿ ಅಚ್ಚುಕಟ್ಟು ಎಂದುಕೊಂಡವರನ್ನು ಅವಳು ಬೈಯದೆ ಬಿಟ್ಟದ್ದೇ ಇಲ್ಲ.

ಬೆರಳು ಅಲ್ಲೇ ನಿಂತಿತು.

"ಏನಾಯ್ತು ಅಕ್ಕ, ಸರಿ ಇಲ್ವಾ?" ಎಂದು ಅಡುಗೆಯವನು ಗಾಬರಿಯಾದ.

"ನಿಮ್ಮದು ಸರಿ ಇದೆ. ನನ್ನದೇ ಸರಿ ಇಲ್ಲ." ಅವಳಿಗೆ ನಗು ತಡೆಯಲಾಗಲಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು.

ಸಂಜೆ ಅಂಗಡಿಯವನ ಮುಂದೆ ಸೈಕಲ್ ನಿಲ್ಲಿಸಿ, "ಅಣ್ಣಾ, ನೀವು ಹೇಳಿದ್ದೇ ಸರಿ. ಮೇಲೆತ್ತಿ" ಅಂದಳು. ಅವನು ಬೀಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೀಗುತ್ತಲೇ ನಟ್ಟು ಬಿಚ್ಚಿದ, ಕಂಬಿಗಳನ್ನು ಉದ್ದಕ್ಕೆ ಎಳೆದ, ಫೋರ್ಕಿನ ಕೆಳಗೆ ಕೊಟ್ಟಿದ್ದ ವಾಷರ್ ತೆಗೆದು ಮಡ್‌ಗಾರ್ಡನ್ನು ಎತ್ತಿದ. ಅವಳು ಟೈರಿನ ಮೇಲೆ ಕೈಯಿಟ್ಟು, ಎರಡು ಬೆರಳನ್ನು ಒಂದರ ಮೇಲೊಂದು ಜೋಡಿಸಿ, ಗಾಲಿಯ ಸುತ್ತ ಈ ತುದಿಯಿಂದ ಆ ತುದಿಯವರೆಗೆ ತೂರಿಸಿ ನೋಡಿದಳು. ಒಂದು ಕಡೆ ಸಿಕ್ಕಿಕೊಂಡಿತು. ಮತ್ತೆ ಬಿಚ್ಚಿಸಿದಳು. ಚೌಕಟ್ಟಿನಲ್ಲಿ ಅಷ್ಟು ಜಾಗ ಮೊದಲಿಂದಲೂ ಇತ್ತು. ಅದನ್ನು ಮುಚ್ಚಿದವಳು ಅವಳೇ.

ಮನೆಯಲ್ಲಿ ಗಂಡ ಎಲ್ಲವನ್ನೂ ಕೇಳಿಸಿಕೊಂಡು, "ಸಂದು ಜಾಸ್ತಿ ಆಯ್ತಲ್ಲ, ಮುಂದಿನ ಗಾಲಿ ಕೆಸರು ಪಾದಕ್ಕೆ ಹಾರಲ್ವಾ?" ಎಂದು ಕೇಳಿದ. ಅವಳು ಯೋಚಿಸಿರಲಿಲ್ಲ. ಅವನು ದಪ್ಪ ರೆಕ್ಸಿನ್ನಿನ ತುಂಡೊಂದನ್ನು ತೆಗೆದು, ನಾಲಿಗೆಯ ಆಕಾರಕ್ಕೆ ಕತ್ತರಿಸಿ, ಅಂಚು ಮಡಿಸಿ ಹೊಲಿದು, ಮುಂದಿನ ಮಡ್‌ಗಾರ್ಡಿನ ತುದಿಗೆ ನೆಲದ ಹತ್ತಿರಕ್ಕೆ ಇಳಿಬಿಟ್ಟ. ಜೀವಮಾನದಲ್ಲಿ ಸೈಕಲ್ಲಿಗೆ ಬಟ್ಟೆ ಹೊಲಿದದ್ದು ಇದೇ ಮೊದಲು ಅಂದ. ಅವಳು ಆ ಸಂಜೆ ಅವನನ್ನು ಏನೂ ಬೈಯಲಿಲ್ಲ.

ಬೆಳಿಗ್ಗೆ ಮಳೆ ಇನ್ನೂ ಜೋರು. ಅವಳು ಕಲ್ಲುಕಂಬ ದಾಟುವಾಗ ಹಲ್ಲು ಕಚ್ಚಿದ್ದಳು. ಮಣ್ಣು ಟೈರಿಗೆ ಹತ್ತಿತು, ಮೇಲೆ ಬಂತು, ಸಂದಿನಲ್ಲಿ ಸುತ್ತಿತು, ಹಿಂದಿನಿಂದ ಮುದ್ದೆಯಾಗಿ ಉದುರಿತು. ಮತ್ತೆ ಹತ್ತಿತು, ಮತ್ತೆ ಉದುರಿತು. ಗಾಲಿ ನಿಲ್ಲಲಿಲ್ಲ. ಚಡಾವಿನಲ್ಲಿ ಎದ್ದು ನಿಂತು ತುಳಿದಳು, ಉಸಿರು ಬಾಯಿಗೆ ಬಂತು, ಆದರೂ ಇಳಿಯಲಿಲ್ಲ. ಅಜ್ಜನ ಬಾಗಿಲಲ್ಲಿ ರೇನ್‌ಕೋಟ್ ಕಳಚಿ ಮೊಳೆಗೆ ಹಾಕಿ ನಿಂತಳು.

"ತಿರುಗು" ಅಂದ ಅಜ್ಜ.

ತಿರುಗಿದಳು.

"ಬೆಳ್ಳಗಿದೆ. ಬಾ."

ಹಳೆಯ ಪಟ್ಟಿ ಬಿಚ್ಚಿದಾಗ ಹುಣ್ಣು ಸ್ವಲ್ಪ ತೇವವಾಗಿತ್ತು, ಕೆಟ್ಟಿರಲಿಲ್ಲ. ಅವಳು ಬಹಳ ಹೊತ್ತು ತೊಳೆದಳು. ಅವತ್ತಿನಿಂದ ಒಂದು ದಿನವೂ ತಪ್ಪಲಿಲ್ಲ.

ಅಳಿಯನ ಮುನಿಸು ತಾನಾಗಿ ಇಳಿಯಿತು ಎಂದುಕೊಳ್ಳಬೇಡಿ. ಅದನ್ನು ಇಳಿಸಿದ್ದು ಕೆಸರು. ಒಂದು ಭಾನುವಾರ ಅವನು ತನ್ನ ಮೂರು ಬಣ್ಣದ ಸೈಕಲ್ಲಿನೊಂದಿಗೆ ಬೆಳಿಗ್ಗೆಯೇ ಬಂದು, "ನಾನೂ ಬರ್ತೀನಿ ಅತ್ತೆ, ಯಾವುದು ಸರಿ ಅಂತ ನೋಡೇಬಿಡೋಣ" ಅಂದ. ನೋಡಿದರು. ಅಜ್ಜನ ಮನೆಗೆ ಮೊದಲು ತಲುಪಿದ್ದು ಅಳಿಯನೇ, ಸುಳ್ಳು ಹೇಳಬಾರದು. ಹುಡುಗನ ಕಾಲಿನಲ್ಲಿ ಕಸುವಿತ್ತು. ಆದರೆ ತಲುಪಿದವನು ಯಾರು ಎಂದು ಅಜ್ಜನಿಗೆ ಗುರುತು ಹಿಡಿಯಲಾಗಲಿಲ್ಲ. ಮುಖದಲ್ಲಿ ಎರಡು ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಏರಿಯ ಮಣ್ಣು. ಹಿಂದೆ ಬಂದ ಪಟ್ಟಿಯಕ್ಕನ ಬಿಳಿ ಕೋಟು ನೋಡಿ, ಮತ್ತೆ ಅವನನ್ನು ನೋಡಿ, ಅಜ್ಜ ಗೋಡೆ ಹಿಡಿದುಕೊಂಡು ನಕ್ಕ. ಅವನು ನಕ್ಕದ್ದನ್ನು ಅವಳು ಅದೇ ಮೊದಲು ಕಂಡದ್ದು.

"ಯಾರಮ್ಮ ಇದು?"

"ನಮ್ಮ ಅಳಿಯಂದಿರು."

"ತೊಳೆದ ಮೇಲೆ ಇನ್ನೊಂದು ಸಲ ಕರ್ಕೊಂಡು ಬಾ, ನೋಡೋಣ."

ಅಳಿಯನೂ ನಕ್ಕ. ನಕ್ಕವನೇ ಬೂದಿ ಸೈಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಮಡ್‌ಗಾರ್ಡಿನ ಕೆಳಗೆ ಬೆರಳು ತೂರಿಸಿ ನೋಡತೊಡಗಿದ. ಗೆದ್ದಾಗ ಬಾಯಿ ಮುಚ್ಚಿಕೊಂಡಿರುವುದನ್ನು ಪಟ್ಟಿಯಕ್ಕ ಆ ಮಳೆಗಾಲದಲ್ಲಿ ಕಲಿತಿದ್ದಳು.

ಮಳೆ ಕಡಿಮೆಯಾಗುವ ಹೊತ್ತಿಗೆ ಡಾಕ್ಟರು ಬಂದರು. ಹಿಮ್ಮಡಿಯನ್ನು ಒತ್ತಿದರು, ಬೆಳಕಿಗೆ ಹಿಡಿದು ನೋಡಿದರು. ಅಜ್ಜ ಸೂರಿನ ಕಡೆ ಮುಖ ಮಾಡಿ ಕೂತಿದ್ದ, ಕೈ ಎರಡೂ ಮಂಚದ ಅಂಚನ್ನು ಹಿಡಿದಿದ್ದವು. ಹುಣ್ಣು ಇದ್ದ ಕಡೆ ತೆಳ್ಳಗಿನ ಗುಲಾಬಿ ಚರ್ಮ ಕೂಡಿಕೊಂಡಿತ್ತು.

"ತೆಗೆಯೋಕೆ ಏನೂ ಇಲ್ಲ ಇಲ್ಲಿ" ಅಂದರು ಡಾಕ್ಟರು. "ಮೆತ್ತನೆ ಚಪ್ಪಲಿ ಹಾಕ್ಕೊಂಡು ದಿನಕ್ಕೆ ಸ್ವಲ್ಪ ಸ್ವಲ್ಪ ನಡೀರಿ. ಬರಿಗಾಲಲ್ಲಿ ಮಾತ್ರ ಒಂದು ಹೆಜ್ಜೇನೂ ಬೇಡ."

ಅವರು ಹೋದ ಮೇಲೆ ಪಟ್ಟಿಯಕ್ಕ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬಿದಳು.

"ಹಾಗಾದ್ರೆ ನೀನು ಇನ್ನು ಬರಲ್ಲ" ಅಂದ ಅಜ್ಜ.

"ಗಾಯ ಇಲ್ಲದ ಮನೇಲಿ ನನಗೇನು ಕೆಲಸ? ಆ ಕಡೆ ಬೇರೆ ಮನೆಗಳಿವೆ, ಏರಿ ಮೇಲೇ ಹೋಗ್ತಿರ್ತೀನಿ."

ಅವನು ತಲೆಯಾಡಿಸಿದ. ಉಳಿಸಲೆಂದು ಇಷ್ಟು ಒದ್ದಾಡಿದ ಕಾಲು ಉಳಿದಿತ್ತು. ಬೆಳಿಗ್ಗೆ ಎದ್ದು ಬರಲು ಕಾರಣವನ್ನು ಮಾತ್ರ ಅವಳೇ ಕೈಯಾರೆ ಮುಗಿಸಿದ್ದಳು. ಖುಷಿಯೂ ದುಃಖವೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ತಿಳಿಯದೆ, "ಚಪ್ಪಲಿ ಹಾಕ್ಕೊಳ್ದೆ ಹೊರಗೆ ಕಾಲಿಟ್ರೆ ಜಾಗ್ರತೆ" ಎಂದು ಗದರಿಸಿ ಹೊರಟಳು.

ಕೆಲವು ವಾರಗಳ ಮೇಲೆ, ಒಂದು ಜಿಟಿಜಿಟಿ ಮಳೆಯ ಬೆಳಿಗ್ಗೆ, ಬೇರೆ ಮನೆಗೆಂದು ಏರಿಯ ಕಡೆಗೆ ಹೋಗುತ್ತಿದ್ದಾಗ ಕಲ್ಲುಕಂಬದ ಪಕ್ಕ ಯಾರೋ ಕೊಡೆ ಹಿಡಿದು ನಿಂತಿದ್ದರು. ಹತ್ತಿರ ಬಂದಾಗ ಗರಗಸದಜ್ಜ. ಅಷ್ಟು ದೂರ, ಅಷ್ಟು ಕೆಸರಿನಲ್ಲಿ, ಅವನೊಬ್ಬನೇ ನಡೆದು ಬಂದಿದ್ದ. ಪಟ್ಟಿಯಕ್ಕ ಬ್ರೇಕ್ ಹಾಕಿದಳು.

"ನೀನು ಬರೋದು ಬೇಡ ಅಂತಾಯ್ತಲ್ಲ. ಅದಕ್ಕೆ ನಾನೇ ಬಂದೆ. ಕಾಲಿದೆಯಲ್ಲ" ಅಂದ ಅಜ್ಜ.

"ಚಪ್ಪಲಿ ಹಾಕಿದ್ದೀರಾ?" ಎಂದಷ್ಟೇ ಕೇಳಿದಳು.

ಅಜ್ಜ ಒಂದು ಕೈಯಿಂದ ಕಲ್ಲುಕಂಬ ಹಿಡಿದು, ಎಡಗಾಲು ಎತ್ತಿ ಚಪ್ಪಲಿ ತೋರಿಸಿದ. ಅದನ್ನು ಇಳಿಸಿ, ಕಂಬವನ್ನು ಬಿಟ್ಟು, ಬಲಗಾಲು ಎತ್ತಿದ. ಎತ್ತಿ, ಆ ಎಡ ಹಿಮ್ಮಡಿಯ ಮೇಲೆ ಮೈಭಾರವೆಲ್ಲ ಹಾಕಿ, ಅವಳು ಸಾಕು ಎನ್ನುವವ‍ರೆಗೂ ನಿಂತ.